ಶಕ್ತಿ ಇದೆ, ಕಿವಿ ಇದೆಯಾ?

ಸತ್ಯವೇದ ತೆರೆಯಿರಿ, 2 ಸಮುವೇಲ 12ನೆಯ ಅಧ್ಯಾಯ. ತೆಗೆದು ಇಟ್ಟುಕೊಳ್ಳಿ, ಅಲ್ಲಿಗೆ ಬರ್ತೀನಿ. ಅದಕ್ಕೂ ಮುಂಚೆ ನನ್ನದೊಂದು ಸಾಕ್ಷಿ ಇದೆ. ಇದು ಜಯದ ಸಾಕ್ಷಿ ಅಲ್ಲ. ದೇವರು ನನ್ನನ್ನು ತಿದ್ದಿದ ಸಾಕ್ಷಿ.

ಎರಡು ತಿಂಗಳ ಹಿಂದೆ ಆರಾಧನೆ ಮಧ್ಯದಲ್ಲಿ ನಮ್ಮ ಆಂಪ್ಲಿಫೈಯರ್ ಸುಟ್ಟುಹೋದದ್ದು ನಿಮಗೆ ನೆನಪಿದೆ. ಢಂ ಅಂತ ಶಬ್ದ, ಸುಟ್ಟ ವಾಸನೆ. ಸೌಂಡ್ ನೋಡಿಕೊಳ್ಳುತ್ತಿದ್ದ ನಮ್ಮ ತಮ್ಮನಿಗೆ ನಾನು ಇಲ್ಲಿಂದಲೇ, ನಿಮ್ಮೆಲ್ಲರ ಮುಂದೆ, "ವಾಲ್ಯೂಮ್ ಜಾಸ್ತಿ ಕೊಡಬೇಡ ಅಂತ ಎಷ್ಟು ಸಲ ಹೇಳಿದ್ದೀನಿ?" ಅಂತ ಬೈದೆ. ಅವನು ತಲೆ ತಗ್ಗಿಸಿದ, ಒಂದು ಮಾತೂ ಆಡಲಿಲ್ಲ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮನೆಯಲ್ಲಿ ನನ್ನ ಹೆಂಡತಿ, "ಆ ಹುಡುಗನಿಗೆ ಹಾಗೆ ಅನ್ನಬಾರದಿತ್ತು ರೀ, ಹೋಗಿ ಮಾತಾಡ್ಸಿ" ಅಂದಳು. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಸೇವೆಗೆ ಬರುವ ಮುಂಚೆ ನಾನು ಟೀವಿ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದವನು. ಹಾಗಾಗಿ ಆಂಪ್ಲಿಫೈಯರ್ ನಾನೇ ಬಿಚ್ಚಿದೆ. ನಾಲ್ಕು ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳೂ ಶಾರ್ಟ್. ಮೀಟರ್ ಇಟ್ಟಲ್ಲೆಲ್ಲ ಬೀಪ್. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊಸ ಜೋಡಿಗಳನ್ನು ತರಿಸಿ ಹಾಕಿದೆ. ಸೀರೀಸ್ ಬಲ್ಬ್ ಇಟ್ಟು ಆನ್ ಮಾಡಿದೆ. ಬಲ್ಬ್ ಒಮ್ಮೆ ಬೆಳಗಿ ಮಂಕಾಯಿತು. ಅಂದ್ರೆ ಶಾರ್ಟ್ ಇಲ್ಲ. ಹಾಡೂ ಚೆನ್ನಾಗಿ ಬಂತು. ಸ್ತೋತ್ರ ಅಂದುಕೊಂಡೆ.

ಭಾನುವಾರ ಅರ್ಧ ಗಂಟೆ ಹಾಡಿದೆವು, ಮತ್ತೆ ಢಂ! ಈ ಸಲ ಒಂದು ಸ್ಪೀಕರಿನ ಕಾಯಿಲ್ ಕೂಡ ಹೋಯಿತು. ವಾಲ್ಯೂಮ್ ಅರ್ಧಕ್ಕಿಂತ ಕೆಳಗಿತ್ತು. ಅದನ್ನು ಇಟ್ಟವನು ನಾನೇ. ಈಗ ಯಾರನ್ನ ಬೈಯಲಿ?

ನನಗೆ ಕೆಲಸ ಕಲಿಸಿದ ಹಿರಿಯರಿಗೆ ಫೋನ್ ಮಾಡಿದೆ. ಅವರು ಒಂದೇ ಮಾತು ಕೇಳಿದರು: "ಸುಟ್ಟಿದ್ದನ್ನ ಬದಲಾಯಿಸಿದೆ ಸರಿ. ಯಾಕೆ ಸುಟ್ಟಿತು ಅಂತ ನೋಡಿದ್ಯಾ?"

ನಮ್ಮ ಆಂಪ್ಲಿಫೈಯರಿನಲ್ಲಿ ಹಳೇ ಕಾಲದ ಭಾರದ ಟ್ರಾನ್ಸ್‌ಫಾರ್ಮರ್ ಸಪ್ಲೈ ಇಲ್ಲ, ಎಸ್‌ಎಂಪಿಎಸ್ ಇದೆ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಉಳಿದಿರಬಹುದು, ಗೊತ್ತಿಲ್ಲದವರು ಕೈ ಹಾಕಬಾರದು. ಆಂಪ್ಲಿಫೈಯರ್ ಬೋರ್ಡನ್ನು ಬಿಡಿಸಿ, ಸಪ್ಲೈಗೆ ಬಲ್ಬುಗಳನ್ನೇ ಲೋಡ್ ಕೊಟ್ಟು ಮೀಟರ್ ಇಟ್ಟೆ. ಇರಬೇಕಾದದ್ದು ಪ್ಲಸ್ 60, ಮೈನಸ್ 60 ವೋಲ್ಟ್. ಸರಿಯಾಗಿ 60 ತೋರಿಸಿತು. ಮೊದಲ ಸಲ ಅಷ್ಟೇ ನೋಡಿ ಮುಚ್ಚಿದ್ದೆ. ಈ ಸಲ ಹಿರಿಯರು ಹೇಳಿದಂತೆ ಕಾದೆ. ಇಪ್ಪತ್ತು ನಿಮಿಷ ಆಯ್ತು, ಒಳಗೆಲ್ಲ ಬಿಸಿಯಾಯ್ತು. 62, 67, ಆಮೇಲೆ 75!

ತಪ್ಪು ಸಿಕ್ಕಿತು. ಆಪ್ಟೋಕಪ್ಲರ್ ಅಂತ, ನಾಲ್ಕು ಕಾಲಿನ ಒಂದು ಚಿಕ್ಕ ಪಾರ್ಟು. ಅದರೊಳಗೆ ಒಂದು ಸಣ್ಣ ಎಲ್‌ಇಡಿ, ಎದುರಿಗೆ ಆ ಬೆಳಕನ್ನು ನೋಡುವ ಟ್ರಾನ್ಸಿಸ್ಟರ್. ವೋಲ್ಟೇಜ್ ಏರಿದ ಕೂಡಲೇ ಎಲ್‌ಇಡಿ ಜೋರಾಗಿ ಬೆಳಗಿ, "ಸಾಕು, ಕಡಿಮೆ ಮಾಡು" ಅಂತ ಸಪ್ಲೈಗೆ ತಿಳಿಸಬೇಕು. ವರ್ಷಗಟ್ಟಲೆ ಬಿಸಿಯಲ್ಲಿದ್ದು ಆ ಬೆಳಕು ಮಂಕಾಗಿತ್ತು. "ಸಾಕು" ಅನ್ನುವ ಮಾತು ತಲುಪುತ್ತಿರಲಿಲ್ಲ. ಸಪ್ಲೈ ಏರಿಸುತ್ತಲೇ ಹೋಯಿತು. ಆದರೆ ಸುಟ್ಟಿದ್ದು ಸಪ್ಲೈ ಅಲ್ಲ, ಅದನ್ನು ನಂಬಿ ಕೆಲಸ ಮಾಡುತ್ತಿದ್ದ ಟ್ರಾನ್ಸಿಸ್ಟರ್‌ಗಳು.

ದೇವಜನರೇ, ಮೀಟರ್ ಕೈಯಲ್ಲಿ ಹಿಡಿದು ನಾನು ಹಾಗೇ ಕೂತುಬಿಟ್ಟೆ. ಪವಿತ್ರಾತ್ಮನು ನನ್ನ ಹೃದಯದಲ್ಲಿ ಕೇಳಿದನು: ನಿನಗೆ "ಸಾಕು" ಅಂತ ಹೇಳಿದವಳು ಮನೆಯಲ್ಲೇ ಇದ್ದಳಲ್ಲಾ, ಯಾಕೆ ತಲುಪಲಿಲ್ಲ?

ಈಗ ವಾಕ್ಯ ನೋಡಿ. ದಾವೀದನು ಅಭಿಷೇಕ ಹೊಂದಿದ ರಾಜ. ಅಧಿಕಾರ ಇದೆ, ಸೈನ್ಯ ಇದೆ. ಊರೀಯನ ಹೆಂಡತಿಯನ್ನು ತೆಗೆದುಕೊಂಡ, ಊರೀಯನನ್ನು ಯುದ್ಧದಲ್ಲಿ ಸಾಯಿಸಿದ. ಅವನ ಶಕ್ತಿಗೆ ಸುಟ್ಟವನು ನಿರಪರಾಧಿ ಊರೀಯ. ಆಗ ದೇವರು ನಾತಾನನನ್ನು ಕಳುಹಿಸಿದನು. ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿ, ಆ ತಪ್ಪಿತಸ್ಥ ರಾಜನೇ ಅಂತ ನಾತಾನನು ಮುಖಕ್ಕೇ ಹೇಳಿದ. ದಾವೀದನು ತಾನು ಪಾಪ ಮಾಡಿದೆ ಎಂದು ಒಪ್ಪಿಕೊಂಡ. ಸೌಲನನ್ನು ನೋಡಿ, 1 ಸಮುವೇಲ 15. ಅವನೂ ಅಭಿಷೇಕ ಹೊಂದಿದವನೇ. ಸಮುವೇಲನು ಪ್ರಶ್ನಿಸಿದಾಗ, ಕುರಿದನಗಳನ್ನು ಉಳಿಸಿದವರು ಜನರು ಅಂತ ಜನರ ಮೇಲೆ ಹಾಕಿದ. ನಾನು ಸೌಂಡ್ ಹುಡುಗನ ಮೇಲೆ ಹಾಕಿದ ಹಾಗೆ!

ನಾವು ಬಲ ಕೊಡು, ಅಭಿಷೇಕ ಕೊಡು ಅಂತ ಉಪವಾಸ ಇದ್ದು ಪ್ರಾರ್ಥಿಸ್ತೀವಿ. ಒಳ್ಳೆಯದೇ. ಆದರೆ ತಿದ್ದುವ ಮಾತನ್ನು ಕೇಳುವ ಕಿವಿ ಕೊಡು ಅಂತ ಎಷ್ಟು ಜನ ಕೇಳ್ತೀವಿ? ಭಾನುವಾರ ಬೆಳಿಗ್ಗೆ ಇಲ್ಲಿ ಮೀಟರ್ ಇಟ್ಟರೆ ನಾವೆಲ್ಲಾ ಸರಿಯಾಗಿ 60. ಸೋಮವಾರ ಸಂಜೆ ಮನೆಯಲ್ಲಿ, ಬಿಸಿಯಾದಾಗ ಇಟ್ಟು ನೋಡಬೇಕು. ಆಮೆನ್ ಸ್ವಲ್ಪ ಮೆಲ್ಲಗೆ ಬಂತಲ್ಲಾ!

ಆಪ್ಟೋಕಪ್ಲರ್ ಬದಲಾಯಿಸಿದೆ, ಉಬ್ಬಿದ್ದ ಕೆಪಾಸಿಟರ್‌ಗಳನ್ನೂ ಟ್ರಾನ್ಸಿಸ್ಟರ್‌ಗಳನ್ನೂ ಹೊಸದಾಗಿ ಹಾಕಿದೆ. ಎರಡು ಗಂಟೆ ಓಡಿಸಿದರೂ 60 ದಾಟಲಿಲ್ಲ. ಆ ಪುಟ್ಟ ಪಾರ್ಟಿನ ಬೆಲೆ ಕೆಲವೇ ರೂಪಾಯಿ. ಅದಕ್ಕಿಂತ ಕಷ್ಟವಾದದ್ದು ಆ ಸಂಜೆ ತಮ್ಮನ ಮನೆ ಬಾಗಿಲು ತಟ್ಟಿದ್ದು. ಕ್ಷಮಿಸಪ್ಪಾ ಅಂದೆ. ಅವನ ತಾಯಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಆದರೆ ಎಲ್ಲರ ಮುಂದೆ ಬೈದು, ಮನೆಯೊಳಗೆ ಮಾತ್ರ ಕ್ಷಮೆ ಕೇಳಿದರೆ ಸಾಲದು. ಅವನು ಇವತ್ತು ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ತಮ್ಮಾ, ತಪ್ಪು ನಿನ್ನದಲ್ಲ, ನನ್ನದು. ಸಭೆಯ ಮುಂದೆ ಹೇಳ್ತಿದ್ದೀನಿ, ನನ್ನನ್ನು ಕ್ಷಮಿಸು. ಸೌಂಡ್ ಹತ್ತಿರ ಮತ್ತೆ ಬರೋದು ಬಿಡೋದು ನಿನ್ನಿಷ್ಟ.

ಈ ವಾರ ನಿಮ್ಮ ಮನೆಯಲ್ಲಿ ಒಬ್ಬರ ಹತ್ತಿರ ಕೂತು, "ನನ್ನಿಂದ ನಿನಗೆ ನೋವಾಗಿದೆಯಾ?" ಅಂತ ಕೇಳಿ. ಕೇಳಿ ಸುಮ್ಮನಿರಿ, ಉತ್ತರ ಕೊಡಬೇಡಿ.

ಎದ್ದು ನಿಂತು ಪ್ರಾರ್ಥಿಸೋಣ. ಕರ್ತನೇ, ನಮ್ಮಲ್ಲಿ ಮಂಕಾದ ಬೆಳಕನ್ನು ಮತ್ತೆ ಹಚ್ಚು. ನಮ್ಮಿಂದ ಸುಟ್ಟವರನ್ನು ಗುಣಪಡಿಸು. ಬಲದ ಜೊತೆಗೆ ಕಿವಿಯನ್ನೂ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.