ಮುಪ್ಲಿ ಹುಳ ಮತ್ತು ಗೃಹಸ್ಥನ ಅಹಿಂಸೆ

ದಕ್ಷಿಣ ಕನ್ನಡದ ಮುಂಡಾಜೆ ಸುತ್ತಿನ ರಬ್ಬರ್ ತೋಟಗಳಲ್ಲಿ ಉದುರಿದ ಎಲೆ ತಿಂದು ಬೆಳೆಯುವ, ಕೇರಳದಲ್ಲಿ ಮುಪ್ಲಿ ಎಂದು ಹೆಸರಾದ ಕಪ್ಪು ಹುಳಗಳು ಮುಂಗಾರಿಗೆ ಮುಂಚಿನ ಮಳೆ ಬೀಳುತ್ತಲೇ ಬೆಳಕನ್ನರಸಿ ಮನೆಗಳಿಗೆ ನುಗ್ಗಿ, ಮಾಡಿನ ಸಂದುಗಳಲ್ಲಿ ತಿಂಗಳುಗಟ್ಟಲೆ ಸುಪ್ತವಾಗಿ ಉಳಿಯುತ್ತವೆ. ಮನುಷ್ಯನೇ ನೆಟ್ಟ ತೋಟದಿಂದ ಹೆಚ್ಚಿದ ಈ ಜೀವಿಗಳನ್ನು ಕೊಲ್ಲುವುದು ಧರ್ಮವೇ ಎಂಬ ಪ್ರಶ್ನೆ, ವೇಣೂರು, ಮೂಡುಬಿದಿರೆಗಳ ಜೈನ ಪರಂಪರೆಯುಳ್ಳ ನೆಲದಲ್ಲಿ ಹಗುರವಾದುದಲ್ಲ. ಜೈನ ಆಚಾರಶಾಸ್ತ್ರವು ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನಿಗೂ ನಿಷೇಧಿಸಿ, ಅಡುಗೆ, ಗುಡಿಸುವಿಕೆಗಳಂಥ ಮನೆವಾರ್ತೆಯಲ್ಲಿ ತಪ್ಪಿಸಲಾಗದ ಆರಂಭೀ ಹಿಂಸೆಯನ್ನು, ಎಚ್ಚರವಿದ್ದರೆ ಮಾತ್ರ, ಸಹಿಸುತ್ತದೆ. ಮುನಿಗಳಾದರೋ ಮಳೆಗಾಲದ ಜೀವರಾಶಿಯನ್ನು ತುಳಿಯದಿರಲೆಂದು ಚಾತುರ್ಮಾಸ್ಯದಲ್ಲಿ ವಿಹಾರವನ್ನೇ, ಅಂದರೆ ಊರೂರು ಸಂಚಾರವನ್ನೇ, ನಿಲ್ಲಿಸುತ್ತಾರೆ. ಆದ್ದರಿಂದ ಹುಳ ಬಂದ ಮೇಲೆ ವಿಷ ಸಿಂಪಡಿಸುವುದಕ್ಕಿಂತ, ಸಂಜೆ ಹೊರಗಿನ ದೀಪ ಆರಿಸಿ, ಕಿಟಕಿಗೆ ಬಲೆ ಹಾಕಿ, ಸಂದು ಮುಚ್ಚಿ, ಒಳಬಂದವನ್ನು ಮೆಲ್ಲನೆ ಗುಡಿಸಿ ಹೊರಹಾಕುವುದೇ ಗೃಹಸ್ಥನಿಗೆ ಉಚಿತವಾದ ಮಾರ್ಗ.