ಕೊಟ್ಟ ಮಾತಿನ ಬೆಲೆ ತೆರುವವರು ಯಾರು?

ಕೊಟ್ಟ ಮಾತಿಗೆ ತಪ್ಪಬಾರದೆಂದು ನಾವು ಮಕ್ಕಳಿಗೆ ಮನೆಯಲ್ಲೂ ಧರ್ಮೋಪದೇಶದ ತರಗತಿಯಲ್ಲೂ ಹೇಳಿಕೊಡುತ್ತೇವೆ. ಆದರೆ ಒಬ್ಬನು ಕೊಟ್ಟ ಮಾತಿಗೆ ಹಲವರು ಬೆಲೆ ತೆರಬೇಕಾಗಿ ಬಂದರೆ? ಆಗಲೂ ಮಾತು ಉಳಿಸಿಕೊಳ್ಳಬೇಕೆ? ಈ ಪ್ರಶ್ನೆ ನಮ್ಮ ಗಂಗಾವತಿಯ ಬೆಟ್ಟಗಳಲ್ಲೇ ಒಮ್ಮೆ ಎದ್ದಿತ್ತು.

ಕುಮ್ಮಟದುರ್ಗ ಎಂದೊಡನೆ ನಮಗೆ ಗಂಡುಗಲಿ ಕುಮಾರರಾಮ ನೆನಪಾಗುತ್ತಾನೆ. ನಾನು ಹೇಳಹೊರಟಿರುವುದು ಅವನ ತಂದೆ ಕಂಪಿಲರಾಯನ ವಿಷಯ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಬಂಧು ಬಹಾವುದ್ದೀನ್ ಗುರ್ಷಾಸ್ಪ್ ಎಂಬವನು ಸುಲ್ತಾನನ ವಿರುದ್ಧವೇ ದಂಗೆಯೆದ್ದು ಸೋತು, 1327ರ ಸುಮಾರಿಗೆ ಓಡಿಬಂದು ಕಂಪಿಲನ ಮರೆಹೊಕ್ಕನು. ಬೇರೆ ಧರ್ಮದವನು, ಬೇರೆ ಭಾಷೆಯವನು. ಕಂಪಿಲನು ಅವನಿಗೆ ಆಶ್ರಯ ಕೊಟ್ಟನು. ಬೆನ್ನಟ್ಟಿ ಬಂದ ಸೈನ್ಯಕ್ಕೆ ಅವನನ್ನು ಒಪ್ಪಿಸಲಿಲ್ಲ. ಮುತ್ತಿಗೆ ಬಿಗಿಯಾಯಿತು, ದವಸ ತೀರಿತು.

ಕೆಲವು ವರ್ಷಗಳ ನಂತರ ಭಾರತಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ ಈ ಕಥೆಯನ್ನು ಬರೆದಿಟ್ಟಿದ್ದಾನೆ. ಇನ್ನು ಉಳಿಗಾಲವಿಲ್ಲವೆಂದು ತಿಳಿದಾಗ ಕಂಪಿಲನು ಅತಿಥಿಯನ್ನು ಕರೆದು ನಿಜಸ್ಥಿತಿಯನ್ನು ಹೇಳಿದನು. ತಾನಂತೂ ಸಾಯುವುದೇ ಸೈ, ನೀನು ಇನ್ನೊಬ್ಬ ಅರಸನ ಬಳಿಗೆ ಹೋಗು ಎಂದು ಅವನನ್ನು ಕಳುಹಿಸಿಕೊಟ್ಟನು. ಆಮೇಲೆ ಕೋಟೆಯೊಳಗೆ ದೊಡ್ಡ ಬೆಂಕಿ ಹೊತ್ತಿತು. ರಾಣಿವಾಸದ ಹೆಂಗಸರು ಅದರಲ್ಲಿ ಬಿದ್ದರು. ಗಂಡಸರು ಹೊರಬಂದು ಕಾದಾಡಿ ಸತ್ತರು. ಅತಿಥಿ ಸೇರಿದ್ದು ದ್ವಾರಸಮುದ್ರದ ಮೂರನೆಯ ಬಲ್ಲಾಳನನ್ನು. ಬಲ್ಲಾಳನು ಅವನನ್ನು ಹಿಡಿದು ಒಪ್ಪಿಸಿದನು. ಸುಲ್ತಾನನು ಅವನ ಚರ್ಮ ಸುಲಿಸಿದನು. ಬಲ್ಲಾಳ ಮುಂದೆ ಹತ್ತು ವರ್ಷಕ್ಕೂ ಮೇಲೆ ಆಳಿದನು.

ಈ ಕಥೆಯನ್ನು ವೀರಗಾಥೆಯಾಗಿ ಹೇಳಿ ಮುಗಿಸಿಬಿಡುವುದು ನನಗೆ ಸರಿಯೆನಿಸುವುದಿಲ್ಲ. ಆ ಬೆಂಕಿಯನ್ನು ನಾವು ಮೆಚ್ಚಲಾರೆವು. ಪ್ರಾಣ ದೇವರ ಕೊಡುಗೆ. ಅಭಯವಚನ ಕೊಟ್ಟಾಗ ಆ ಹೆಂಗಸರನ್ನು ಯಾರಾದರೂ ಕೇಳಿದ್ದರೇ? ಬಲ್ಲಾಳನಿಗೂ ಕಾಯಬೇಕಾದ ಪ್ರಜೆಗಳಿದ್ದರು, ಅವನನ್ನು ಹೇಡಿಯೆಂದು ಥಟ್ಟನೆ ಹಳಿಯುವುದೂ ಸುಲಭವಲ್ಲ.

ಮಾತು ಉಳಿಸಿಕೊಂಡ ಇನ್ನೊಬ್ಬ ಅರಸನು ನಮಗೆ ಗೊತ್ತು. ಸಂತ ಮಾರ್ಕನ ಶುಭಸಂದೇಶದಲ್ಲಿ ಬರುವ ಹೆರೋದನು. ಔತಣದಲ್ಲಿ ಕುಣಿದ ಹುಡುಗಿಗೆ ಕೇಳಿದ್ದನ್ನು ಕೊಡುವೆನೆಂದು ಆಣೆಯಿಟ್ಟನು. ಅವಳು ಸ್ನಾನಿಕ ಯೊವಾನ್ನರ ತಲೆ ಕೇಳಿದಾಗ ದುಃಖಪಟ್ಟನು, ಆದರೂ ಕೊಡಿಸಿದನು. ಪಂಕ್ತಿಯಲ್ಲಿ ಕುಳಿತವರ ಮುಂದೆ ಮುಖ ಉಳಿಯಬೇಕಿತ್ತು. ಅಧರ್ಮದ ಮಾತನ್ನು ಉಳಿಸಿಕೊಳ್ಳುವ ಹಂಗು ಯಾರಿಗೂ ಇಲ್ಲವೆಂದೇ ಧರ್ಮಸಭೆಯ ಬೋಧನೆ. ಹೆರೋದನು ನೋಡಿದ್ದು ತನ್ನ ಮಾನವನ್ನು. ಕಂಪಿಲನು ಕೊನೆಯ ಗಳಿಗೆಯಲ್ಲೂ ನೋಡಿದ್ದು ಮಾತು ಪಡೆದವನನ್ನು. ತನ್ನ ಕೈಲಾಗದೆಂದು ಅವನೆದುರಿಗೇ ಒಪ್ಪಿಕೊಂಡು, ಅವನಿಗೆ ಬೇರೆ ದಾರಿ ಹುಡುಕಿದನಲ್ಲ, ನನ್ನ ಮಟ್ಟಿಗೆ ಈ ಕಥೆಯ ದೊಡ್ಡತನ ಅಲ್ಲಿದೆ, ಕತ್ತಿಯಲ್ಲಿ ಅಲ್ಲ.

ಅರಸರ ಮಾತು ಹಾಗಿರಲಿ, ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ? ಗೆಳೆಯನ ಸಾಲಕ್ಕೆ ಮನೆಯ ಯಜಮಾನ ಜಾಮೀನು ನಿಲ್ಲುತ್ತಾನೆ. ಗೆಳೆಯ ಕೈಯೆತ್ತಿದಾಗ ಹೊಲ ಹೋಗುತ್ತದೆ, ಹೆಂಡತಿಯ ಕಿವಿಯೋಲೆ ಹೋಗುತ್ತದೆ. ಸಹಿ ಹಾಕಿದ ದಿನ ಆಕೆಗೆ ತಿಳಿಸಿರಲಿಲ್ಲ. ಇವನು ಮಾತಿನ ಮನುಷ್ಯ ಎಂದು ಊರು ಹೊಗಳುತ್ತದೆ! ಮನೆಮಂದಿಯ ಪಾಲನ್ನೂ ಸೇರಿಸಿ ಕೊಡುವ ಮಾತನ್ನು ಮನೆಮಂದಿಯನ್ನು ಕೇಳಿಯೇ ಕೊಡಬೇಕಲ್ಲವೇ?

ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಊರುಗಳಿಂದ ಮಳೆ ಕೈಕೊಟ್ಟ ವರ್ಷ ಎಷ್ಟೋ ಕುಟುಂಬಗಳು ಬೆಂಗಳೂರು, ಮಂಗಳೂರು, ಗೋವೆಗೆ ಗುಳೆ ಹೋಗುತ್ತವೆ. ಮಕ್ಕಳು ಅಜ್ಜಿಯ ಹತ್ತಿರ. "ಹಬ್ಬಕ್ಕ ಬರ್ತೀನಪಾ, ಹೊಸಾ ಅಂಗಿ ತರ್ತೀನಿ" ಎಂದು ಹೇಳಿ ತಂದೆ ಬಸ್ಸು ಹತ್ತುತ್ತಾನೆ. ಮೇಸ್ತ್ರಿ ಲೆಕ್ಕ ಚುಕ್ತಾ ಮಾಡುವುದಿಲ್ಲ, ಬರಲಾಗುವುದಿಲ್ಲ. ಇದು ಅವನ ತಪ್ಪಲ್ಲ. ಆದರೆ ನಾಚಿಕೆಯಿಂದ ಅವನು ಮೊಬೈಲನ್ನೇ ಆರಿಸಿಬಿಡುತ್ತಾನೆ. ಹುಡುಗ ಹಬ್ಬದ ದಿನ ಬಂದ ಬಸ್ಸಿಗೆಲ್ಲ ಎದ್ದು ಹೋಗಿ ನೋಡುತ್ತಾನೆ. ರೊಕ್ಕವಿಲ್ಲದ್ದು ಮೇಸ್ತ್ರಿಯಿಂದಾದ ನೋವು. ಆ ಕಾಯುವಿಕೆ ಮಾತ್ರ ತಂದೆಯೇ ಕೊಟ್ಟದ್ದು.

ಪ್ರಿಯ ಓದುಗರೇ, ಹೀಗೆ ದೂರದಲ್ಲಿ ದುಡಿಯುವ ತಂದೆತಾಯಿಗಳು ನಮ್ಮ ನಿಮ್ಮ ಬಳಗದಲ್ಲೂ ಇದ್ದಾರೆ. ಬರಲಾಗದೆಂದು ತಿಳಿದ ದಿನವೇ ಕರೆ ಮಾಡಲಿ. ಅಜ್ಜಿಗೆ ಹೇಳಿ ಮುಗಿಸದೆ ಹುಡುಗನನ್ನೇ ಕರೆದು ಹೇಳಲಿ. ಅವನು ಅತ್ತರೆ ಅಳು ಮುಗಿಯುವವರೆಗೆ ಕೇಳಿಸಿಕೊಳ್ಳಲಿ. ಅಂಗಿಯ ಮಾತನ್ನಾದರೂ ಊರಲ್ಲಿರುವ ಸೋದರಮಾವ ನಡೆಸಿಕೊಡಬಹುದೇನೋ, ಅವನಿಗೊಂದು ಕರೆ ಹೋಗಲಿ. ಇನ್ನು ಯುಗಾದಿಗೆ ಬರುತ್ತೇನೆ ಎಂಬ ಹೊಸ ಮಾತು. ಅದು ಕೂಲಿ ಕೈಗೆ ಬಂದ ಮೇಲೆ ಆಗಲಿ.