ಕೊಂಬೆಗೆ ಹೇಳಿದ ಬುದ್ಧಿಮಾತು

ರೋಮಾಪುರದ ಸಭೆಗೆ ಪೌಲ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಒಂದು ಎಣ್ಣೆಮರ ಬರುತ್ತದೆ. ನಾವು ಇಂದು ಆಲಿವ್ ಎನ್ನುವ ಮರ. ಅದರ ಕೆಲವು ಕೊಂಬೆಗಳು ಮುರಿದುಹೋಗಿವೆ. ಆ ಜಾಗಕ್ಕೆ ಕಾಡುಮರದ ಕೊಂಬೆಯೊಂದನ್ನು ತಂದು ಕಸಿ ಕಟ್ಟಲಾಗಿದೆ. 18ನೆಯ ವಚನದಲ್ಲಿ ಪೌಲ ನೇರವಾಗಿ ಈ ಹೊಸ ಕೊಂಬೆಯನ್ನೇ ಮಾತನಾಡಿಸುತ್ತಾನೆ. ತನಗಿಂತ ಮೊದಲೇ ಅಲ್ಲಿದ್ದವರನ್ನು ಕೀಳಾಗಿ ಕಾಣುವ ಹಕ್ಕು ಅದಕ್ಕಿಲ್ಲ, ಅದರ ಉಸಿರು ನಿಂತಿರುವುದೇ ಬೇರಿನ ಋಣದ ಮೇಲೆ ಎನ್ನುವುದು ಅವನ ಮಾತಿನ ಸಾರ.

ಇಸ್ರೇಲ್ ವಿಷಯ ಬಂದಾಗ ಕ್ರೈಸ್ತರ ಬಾಯಲ್ಲಿ ಮೊದಲು ಬರುವುದು ಬೇರೆ ಭಾಗಗಳು. ಅಬ್ರಹಾಮನಿಗೆ ಆದಿಕಾಂಡದ 12ನೆಯ ಅಧ್ಯಾಯದಲ್ಲಿ ದೊರೆತ ವಾಗ್ದಾನ, ಯೆಹೆಜ್ಕೇಲನ ಗೋಗ್–ಮಾಗೋಗ್ ಯುದ್ಧ, ದಾನಿಯೇಲನ ವಾರಗಳ ಲೆಕ್ಕ, ಪ್ರಕಟನೆ ಗ್ರಂಥದ ಹರ್ಮಗೆದೋನ್. ಎಣ್ಣೆಮರದ ಈ ವಚನವನ್ನು ಎತ್ತುವವರು ಕಡಿಮೆ. ಆದರೆ ಆ ಎಲ್ಲ ಪ್ರವಾದನೆಗಳನ್ನು ಅನ್ಯಜನಾಂಗದ ಕ್ರೈಸ್ತರು ಯಾವ ಮನಸ್ಸಿನಿಂದ ಓದಬೇಕು ಎಂದು ಹೊಸ ಒಡಂಬಡಿಕೆ ಹೇಳಿಕೊಡುವ ಜಾಗ ಇದೇ ಎಂಬುದು ನನ್ನ ನಂಬಿಕೆ.

ಮೊದಲು, ಈ ಮಾತು ಯಾರಿಗೆ ಹೇಳಿದ್ದು ಎಂದು ನೋಡಬೇಕು. ಕ್ರಿ.ಶ. 49ರ ಸುಮಾರಿಗೆ ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಹಾಕಿದ. ಹಾಗೆ ಊರು ಬಿಟ್ಟು ಕೊರಿಂಥಕ್ಕೆ ಬಂದ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲೇ ಪೌಲ ಉಳಿದುಕೊಂಡು, ಅವರೊಂದಿಗೆ ಗುಡಾರ ಮಾಡುವ ಕೆಲಸ ಮಾಡಿದ. 54ರಲ್ಲಿ ಕ್ಲೌದಿಯ ಸತ್ತ ಮೇಲೆ ಹೋದವರು ಮರಳತೊಡಗಿದರು. ಅಷ್ಟರಲ್ಲಿ ರೋಮಿನ ಮನೆಸಭೆಗಳಲ್ಲಿ ಯೆಹೂದ್ಯರಲ್ಲದವರೇ ಹಿರಿಯರಾಗಿ ಕೂತಿದ್ದರು. ಯಾವ ಊಟ ಸರಿ, ಯಾವ ದಿನ ಪವಿತ್ರ ಎಂಬ ಜಗಳ ಎದ್ದಿತ್ತೆಂಬುದಕ್ಕೆ ಅದೇ ಪತ್ರಿಕೆಯ 14ನೆಯ ಅಧ್ಯಾಯ ಸಾಕ್ಷಿ. 57ರ ಹೊತ್ತಿಗೆ ಪೌಲ ಕೊರಿಂಥದಲ್ಲಿ ಕೂತು ಈ ಪತ್ರ ಬರೆಸಿದ, ಕೆಂಖ್ರೆಯದ ಫೊಯಿಬೆ ಅದನ್ನು ಒಯ್ದಳು. ಗಡೀಪಾರಾಗಿ ಮರಳಿದವರನ್ನು ಬಾಗಿಲಲ್ಲೇ ನಿಲ್ಲಿಸಿ ನೋಡುತ್ತಿದ್ದ ಬಹುಸಂಖ್ಯಾತರಿಗೆ ಅವನು ಈ ಎಚ್ಚರಿಕೆ ಕೊಡುತ್ತಿದ್ದಾನೆ. ಬಲ ಕೈಗೆ ಬಂದವರಿಗೆ ಹೇಳಿದ ಮಾತಿದು.

ಇನ್ನು ಕಸಿಯ ವಿಷಯ. ಧಾರವಾಡದ ಕಡೆ ಆಪೂಸು ಕಸಿ ಕಟ್ಟುವವರನ್ನು ಕೇಳಿದರೆ ಕ್ರಮ ಹೇಳುತ್ತಾರೆ: ಬುಡಕ್ಕೆ ಗಟ್ಟಿಮುಟ್ಟಾದ ನಾಟಿ ಗಿಡ, ಮೇಲಕ್ಕೆ ಒಳ್ಳೆಯ ತಳಿಯ ಕಡ್ಡಿ. ಹಣ್ಣಿನ ರುಚಿ ಬರುವುದು ಕಡ್ಡಿಯಿಂದ. ಎಣ್ಣೆಮರಕ್ಕೂ ಸಾಮಾನ್ಯವಾಗಿ ಇದೇ ಕ್ರಮ. ಪೌಲ ಹೇಳುವುದು ಇದಕ್ಕೆ ತದ್ವಿರುದ್ಧ. ಅವನ ಮರದಲ್ಲಿ ಬುಡವೇ ಒಳ್ಳೆಯ ತಳಿ, ಮೇಲೆ ಕೂತದ್ದು ಕಾಡುಕೊಂಬೆ. ಫಲ ಬಾರದೆ ಸೊರಗಿದ ಎಣ್ಣೆಮರದ ಕಾಂಡ ಕೊರೆದು ಕಾಡು ಎಣ್ಣೆಮರದ ಹಸಿ ಕಡ್ಡಿ ಸೇರಿಸುವ ಪದ್ಧತಿಯನ್ನು ಅದೇ ಶತಮಾನದ ರೋಮನ್ ಕೃಷಿಲೇಖಕ ಕೊಲುಮೆಲ್ಲ ವಿವರಿಸಿದ್ದಾನೆ. ಪೌಲನ ಮನಸ್ಸಿನಲ್ಲಿ ಅದೇ ಇತ್ತೆಂದು ಕೆಲವು ವ್ಯಾಖ್ಯಾನಕಾರರು ವಾದಿಸುತ್ತಾರೆ. ನನಗೆ ಅದು ಒಪ್ಪಿಗೆಯಾಗದು. ಆ ಪದ್ಧತಿಯಲ್ಲಿ ಕಾಡುಕಡ್ಡಿ ಮರವನ್ನು ಉಳಿಸುತ್ತದೆ. ಪೌಲನ ಹೋಲಿಕೆಯಲ್ಲಿ ಮರ ಕಾಡುಕಡ್ಡಿಯನ್ನು ಉಳಿಸುತ್ತದೆ. ಈ ಕಸಿ ಪ್ರಕೃತಿಗೆ ವಿರುದ್ಧವಾದದ್ದು ಎಂದು 24ನೆಯ ವಚನದಲ್ಲಿ ಅವನೇ ಒಪ್ಪಿಕೊಳ್ಳುತ್ತಾನೆ. ಅನ್ಯಜನರು ಆ ಮರದಲ್ಲಿರುವುದು ತಮ್ಮ ಯೋಗ್ಯತೆಯಿಂದಲ್ಲ, ತೋಟಗಾರನ ಕೃಪೆಯಿಂದ. ಹಾಗಾದರೆ ಹೆಚ್ಚಳಕ್ಕೆ ಎಡೆ ಎಲ್ಲಿದೆ?

ಆ ಬೇರು ಯಾವುದು? ಅಬ್ರಹಾಮ, ಇಸಾಕ, ಯಾಕೋಬ ಎಂಬ ಮೂಲಪಿತೃಗಳು ಮತ್ತು ಅವರಿಗೆ ಸಿಕ್ಕ ವಾಗ್ದಾನ ಎಂದು ಬಹುಪಾಲು ವ್ಯಾಖ್ಯಾನಕಾರರು ಹೇಳುತ್ತಾರೆ. ಇಸ್ರಾಯೇಲನ್ನು ಎಣ್ಣೆಮರವೆಂದು ಕರೆಯುವುದು ಪೌಲನಿಗೆ ಯೆರೆಮೀಯನಿಂದ ಬಂದ ಬಳುವಳಿ. ಅಬ್ರಹಾಮನಿಗಾದ ವಾಗ್ದಾನವನ್ನು ಪೂರ್ತಿ ಓದಿದರೆ ಅದು ನಿಲ್ಲುವುದು ಭೂಮಿಯ ಎಲ್ಲ ಕುಲಗಳಿಗೆ ಸಿಗುವ ಆಶೀರ್ವಾದದಲ್ಲಿ. ಗಲಾತ್ಯದವರಿಗೆ ಬರೆಯುವಾಗ ಪೌಲ ಎತ್ತಿಹಿಡಿಯುವುದೂ ಆ ಕೊನೆಯ ಭಾಗವನ್ನೇ. ಅಬ್ರಹಾಮನ ಆಯ್ಕೆಯ ಗುರಿ ಅಬ್ರಹಾಮನಲ್ಲೇ ಮುಗಿಯುವುದಿಲ್ಲ.

ಕೊಂಬೆ ಈ ಬುದ್ಧಿಮಾತನ್ನು ಕೇಳಲಿಲ್ಲ. ಎರಡು ಸಾವಿರ ವರ್ಷಗಳಲ್ಲಿ ಅದರ ಗರ್ವ ಎರಡು ರೂಪ ತಾಳಿತು.

ಮೊದಲನೆಯದು, ಬೇರನ್ನೇ ಕತ್ತರಿಸುವ ಗರ್ವ. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬಾತ ಹಳೆಯ ಒಡಂಬಡಿಕೆಯನ್ನೇ ಬಿಟ್ಟುಬಿಡಿ ಎಂದ. ರೋಮಿನ ಸಭೆ 144ರಲ್ಲಿ ಅವನನ್ನು ಹೊರಗಿಟ್ಟಿತು. ಗ್ರಂಥ ಉಳಿಯಿತು, ಆದರೆ ಆ ಗ್ರಂಥದ ಜನರ ಮೇಲಿನ ತಿರಸ್ಕಾರ ಬೆಳೆಯುತ್ತ ಹೋಯಿತು. ಇಸ್ರಾಯೇಲಿನ ಪಾಲು ಮುಗಿಯಿತು, ಅದರ ಸ್ಥಾನ ಈಗ ಸಭೆಯದ್ದು ಎಂಬ ಬೋಧನೆ ರೂಢಿಯಾಯಿತು. 386–387ರಲ್ಲಿ ಅಂತಿಯೋಕ್ಯದಲ್ಲಿ ಯೋಹಾನ ಕ್ರಿಸೊಸ್ತೋಮ ಯೆಹೂದ್ಯರ ಸಭಾಮಂದಿರಗಳ ವಿರುದ್ಧ ಮಾಡಿದ ಪ್ರಸಂಗಗಳು ಇಂದಿಗೂ ಓದಿದವರನ್ನು ನಾಚಿಸುತ್ತವೆ. 1543ರಲ್ಲಿ ಮಾರ್ಟಿನ್ ಲೂಥರ್ ಯೆಹೂದ್ಯರ ಸಭಾಮಂದಿರಗಳನ್ನು ಸುಡಬೇಕೆಂದು ಬರೆದ. ರೋಮಾಪುರದ ಪತ್ರಿಕೆಯಿಂದಲೇ ಬೆಳಕು ಕಂಡೆನೆಂದು ಹೇಳಿದವನ ಲೇಖನಿ ಅದು!

ಈ ದಾರಿ ಕೊನೆಗೆ ಎಲ್ಲಿಗೆ ಮುಟ್ಟಿತೆಂದು ಒಂದು ಊರಿನಲ್ಲಿ ನಿಂತು ನೋಡಬಹುದು. ಜರ್ಮನಿಯ ಐಸೆನಾಖ್ ಊರಿನ ಮೇಲೆ ವಾರ್ಟ್‌ಬರ್ಗ್ ಕೋಟೆ ಇದೆ. 1521ರಿಂದ 22ರ ನಡುವೆ ಲೂಥರ್ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದದ್ದು ಅಲ್ಲಿ. 1939ರ ಮೇ ತಿಂಗಳಲ್ಲಿ ಅದೇ ಊರಿನಲ್ಲಿ, ಜರ್ಮನಿಯ ಸಭೆಯ ಬದುಕಿನಿಂದ ಯೆಹೂದಿ ಪ್ರಭಾವವನ್ನು ತೊಡೆದುಹಾಕುವುದಕ್ಕೆಂದೇ ಒಂದು ಸಂಸ್ಥೆ ಹುಟ್ಟಿಕೊಂಡಿತು. ಅದರ ಮುಂದಾಳು ವಾಲ್ಟರ್ ಗ್ರುಂಡ್‌ಮನ್ ಹೊಸ ಒಡಂಬಡಿಕೆಯ ಪ್ರಾಧ್ಯಾಪಕ. ಮರುವರ್ಷ ಆ ಸಂಸ್ಥೆ ಯೆಹೂದಿ ಗುರುತುಗಳನ್ನು ಅಳಿಸಿದ ಹೊಸ ಒಡಂಬಡಿಕೆಯೊಂದನ್ನು ಪ್ರಕಟಿಸಿತು. ಹೊರಗೆ, 60 ಲಕ್ಷ ಯೆಹೂದ್ಯರ ಕೊಲೆಗೆ ದಾರಿ ಸಿದ್ಧವಾಗುತ್ತಿತ್ತು. ಕೊಲೆಗಾರರ ಸಿದ್ಧಾಂತ ಬೈಬಲಿನಿಂದ ಬಂದದ್ದಲ್ಲ ನಿಜ. ಆದರೆ ಆ ಕೊಲೆಯನ್ನು ಕಂಡೂ ಸುಮ್ಮನಿರುವ ಮನಸ್ಸನ್ನು ಹದಗೊಳಿಸಿದ್ದರಲ್ಲಿ ಶತಮಾನಗಳ ಪ್ರಸಂಗಪೀಠದ ಪಾಲಿದೆ. ಇದನ್ನು ಒಪ್ಪಿಕೊಳ್ಳದೆ ಇಸ್ರಾಯೇಲ್ ಬಗ್ಗೆ ಕ್ರೈಸ್ತರು ಬಾಯಿ ತೆರೆಯಬಾರದು.

ಸಭೆ ತಡವಾಗಿಯಾದರೂ ಎಚ್ಚೆತ್ತಿತು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ನೊಸ್ತ್ರಾ ಏತಾತೆ' ಘೋಷಣೆ ಇದೇ ಎಣ್ಣೆಮರವನ್ನು ನೆನೆದು, ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದೆಂದು ಸಾರಿತು. ದೇವರು ಕೊಟ್ಟದ್ದನ್ನು ಹಿಂದೆಗೆಯುವುದಿಲ್ಲ ಎಂಬ ಈ ಅಧ್ಯಾಯದ 29ನೆಯ ವಚನ ಕಥೋಲಿಕರ ಚಿಂತನೆಯಲ್ಲೂ ಅನೇಕ ಪ್ರೊಟೆಸ್ಟೆಂಟ್ ಸಭೆಗಳ ಚಿಂತನೆಯಲ್ಲೂ ಮತ್ತೆ ಜೀವ ಪಡೆಯಿತು.

ಎರಡನೆಯ ಗರ್ವ ಮೇಲುನೋಟಕ್ಕೆ ಪ್ರೀತಿಯಂತೆ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕ ಇಸ್ರಾಯೇಲ್ ಬೇರೆ, ಸಭೆ ಬೇರೆ, ದೇವರ ಯೋಜನೆಯಲ್ಲಿ ಎರಡಕ್ಕೂ ಬೇರೆ ಬೇರೆ ದಾರಿ ಎಂದು ಕಲಿಸಿದ. 1909ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿದ ಸ್ಕೋಫೀಲ್ಡ್ ಬೈಬಲ್ ಈ ಬೋಧನೆಯನ್ನು ಮನೆಮನೆಗೆ ಮುಟ್ಟಿಸಿತು. ಮೇಲೆ ವಚನ, ಅದೇ ಪುಟದ ಕೆಳಗೆ ಸ್ಕೋಫೀಲ್ಡರ ಟಿಪ್ಪಣಿ. ದಿನವೂ ಹಾಗೆ ಓದಿದವರಿಗೆ ವಚನ ಎಲ್ಲಿ ಮುಗಿಯಿತು, ಟಿಪ್ಪಣಿ ಎಲ್ಲಿ ಶುರುವಾಯಿತು ಎಂಬ ಗೆರೆಯೇ ಮಸುಕಾಯಿತು. 1948ರಲ್ಲಿ ಇಸ್ರೇಲ್ ರಾಷ್ಟ್ರ ಹುಟ್ಟಿದಾಗ, 1967ರಲ್ಲಿ ಹಳೆಯ ಯೆರೂಸಲೇಮ್ ಅದರ ಕೈಸೇರಿದಾಗ, ಪ್ರವಾದನೆ ಕಣ್ಣಮುಂದೆ ನೆರವೇರಿತೆಂದು ಈ ಪಂಥದವರು ಹಿಗ್ಗಿದರು. 1970ರಲ್ಲಿ ಹ್ಯಾಲ್ ಲಿಂಡ್ಸೆ, 1948ರಿಂದ ಒಂದು ತಲೆಮಾರು, ಅಂದರೆ ಸುಮಾರು 40 ವರ್ಷಗಳ ಒಳಗೆ ಅಂತ್ಯದ ಘಟನೆಗಳು ನಡೆಯಬಹುದೆಂದು ಬರೆದ ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. 1988 ಬಂತು, ಹೋಯಿತು.

ಇವರ ಪರವಾಗಿ ಹೇಳಬೇಕಾದ್ದನ್ನೂ ಹೇಳಲೇಬೇಕು. ಉಳಿದ ಸಭೆಗಳು ಇಸ್ರಾಯೇಲಿನ ಕಥೆ ಮುಗಿಯಿತೆನ್ನುತ್ತಿದ್ದಾಗ, ದೇವರು ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ಗಟ್ಟಿಯಾಗಿ ಹಿಡಿದವರು ಇವರು. ಅಷ್ಟರಮಟ್ಟಿಗೆ ಪೌಲನ ಜೊತೆಗಿದ್ದಾರೆ. ಎಡವಿದ್ದು ಆಮೇಲೆ. ಇವರು ಕಟ್ಟಿದ ಅಂತ್ಯಕಾಲದ ವೇಳಾಪಟ್ಟಿಯ ಪ್ರಚಲಿತ ರೂಪಗಳಲ್ಲಿ ಯೆಹೂದ್ಯರು ಪವಿತ್ರ ನಾಡಿಗೆ ಮರಳಬೇಕು, ಅಲ್ಲಿ ಮಹಾಸಂಕಟಕ್ಕೆ ಸಿಲುಕಿ ಬಹುಪಾಲು ಸಾಯಬೇಕು, ಉಳಿದವರು ಕ್ರಿಸ್ತನನ್ನು ಒಪ್ಪಬೇಕು. ನಂಬಿದ ಕ್ರೈಸ್ತರು ಅಷ್ಟರಲ್ಲಿ ಮೇಲಕ್ಕೆ ಎತ್ತಲ್ಪಟ್ಟು ಸುರಕ್ಷಿತರಾಗಿರುತ್ತಾರೆ. ಇನ್ನೊಬ್ಬರ ನೋವನ್ನು ನಮ್ಮ ಬಿಡುಗಡೆಯ ಗುರುತಾಗಿ ಎಣಿಸುವುದು ಪ್ರೀತಿಯಲ್ಲ. ಇಲ್ಲಿಯೂ ಕೊಂಬೆ, ಮರವೆಲ್ಲ ತನಗಾಗಿಯೇ ಇದೆ ಎಂದುಕೊಂಡಿದೆ.

ಪ್ರವಾದನೆಯನ್ನು ಪೌಲ ಬಳಸುವ ರೀತಿಯೇ ಬೇರೆ. ಇಸ್ರಾಯೇಲೆಲ್ಲ ರಕ್ಷಣೆ ಹೊಂದುವ ಗುಟ್ಟನ್ನು ಅವನು 25, 26ನೆಯ ವಚನಗಳಲ್ಲಿ ಬಿಚ್ಚಿಡುತ್ತಾನೆ. ಇಲ್ಲಿನ ಇಸ್ರಾಯೇಲ್ ಯಾರು ಎಂಬುದರಲ್ಲಿ ಒಮ್ಮತವಿಲ್ಲ. ಯೆಹೂದ್ಯರೂ ಅನ್ಯರೂ ಕೂಡಿದ ದೇವಜನವೆಂದು ಕ್ಯಾಲ್ವಿನ್ ತಿಳಿದ. ಯೆಹೂದಿ ಜನಾಂಗವೇ ಎಂದು ಇಂದಿನ ಬಹುತೇಕ ವಿದ್ವಾಂಸರು ತಿಳಿಯುತ್ತಾರೆ, ನಾನೂ ಹಾಗೆಯೇ ತಿಳಿಯುತ್ತೇನೆ. ಆದರೆ ಎಲ್ಲರ ಕಣ್ಣಿಗೂ ಬೀಳಬೇಕಾದ್ದು ಒಂದಿದೆ. ಈ ಗುಟ್ಟನ್ನು ಹೇಳುವ ಕಾರಣವನ್ನು ಪೌಲ ಮೊದಲೇ ಹೇಳಿಬಿಡುತ್ತಾನೆ: ಓದುವವರು ತಾವೇ ಜಾಣರೆಂದು ಬೀಗದಿರಲಿ ಎಂದು. ಯೇಸುವಿನ ಶಿಷ್ಯರು ಇಸ್ರಾಯೇಲಿನ ರಾಜ್ಯ ಯಾವಾಗ ಮರಳುವುದೆಂದು ಕೇಳಿದಾಗಲೂ, ಕಾಲದ ಲೆಕ್ಕ ಅವರದಲ್ಲ ಎಂದೇ ಉತ್ತರ ಬಂದದ್ದು. ಅವರಿಗೆ ಸಿಕ್ಕಿದ್ದು ಸಾಕ್ಷಿಗಳಾಗುವ ಕೆಲಸ.

ಹಳೆಯ ಒಡಂಬಡಿಕೆಯ ಪ್ರವಾದಿಗಳೂ ಹೀಗೆಯೇ. ಅವರು ಮುಂದಾಗುವುದನ್ನು ಹೇಳುವುದು ಇಂದಿನ ನಡತೆಯನ್ನು ತಿದ್ದುವುದಕ್ಕೆ. ನಾಬೋತನೆಂಬ ರೈತನ ದ್ರಾಕ್ಷಿತೋಟಕ್ಕಾಗಿ ಅವನನ್ನು ಕೊಲ್ಲಿಸಿ ಸ್ವಾಧೀನಕ್ಕೆ ಹೋದ ಅಹಾಬನನ್ನು ಎಲೀಯ ತೋಟದಲ್ಲೇ ತಡೆದ. ಅಹಾಬ ಇಸ್ರಾಯೇಲಿನ ಅರಸ, ಆ ನೆಲ ವಾಗ್ದಾನದ ನೆಲ, ಆದರೂ ತಡೆದ. ನೆಲ ದೇವರದು, ಅಲ್ಲಿರುವವರು ಪರದೇಶಸ್ಥರಂತೆ ಇರುವವರು ಎಂದು ಯಾಜಕಕಾಂಡ ಹೇಳುತ್ತದೆ. ಫಿಲಿಷ್ಟಿಯರನ್ನೂ ಅರಾಮ್ಯರನ್ನೂ ಅವರವರ ನಾಡಿಗೆ ನಡೆಸಿದವನೂ ದೇವರೇ ಎಂದು ಆಮೋಸ ಹೇಳುತ್ತಾನೆ. ವಾಗ್ದಾನವನ್ನು ನಂಬುವುದೆಂದರೆ ಅರಸನಿಗೆ ನ್ಯಾಯ ಹೇಳುವುದನ್ನು ನಿಲ್ಲಿಸುವುದಲ್ಲ. ಇಂದಿನ ಯಾವ ಸರ್ಕಾರವೂ ಎಲೀಯ ಎತ್ತಿದ ಈ ನ್ಯಾಯದ ಪ್ರಶ್ನೆಯಿಂದ ಹೊರಗಿಲ್ಲ.

ವೇಳಾಪಟ್ಟಿಯ ಓದು ಕಣ್ಣಿಗೇ ಹಾಕಿಕೊಳ್ಳದ ಇನ್ನೊಂದು ಕೊಂಬೆ ಇದೆ. ಬೆತ್ಲೆಹೇಮ್, ಬೇತ್ ಜಾಲಾ, ಬೇತ್ ಸಾಹೂರ್ ಊರುಗಳಲ್ಲಿ ಎಣ್ಣೆಮರಗಳ ನಡುವೆಯೇ ಬದುಕಿಬಂದ ಪ್ಯಾಲೆಸ್ತೀನಿ ಕ್ರೈಸ್ತರು. ಕಳೆದ ಶತಮಾನದ ನಡುಗಾಲದವರೆಗೆ ಬೆತ್ಲೆಹೇಮಿನಲ್ಲಿ ಬಹುಸಂಖ್ಯಾತರಾಗಿದ್ದವರು ಇಂದು ಅಲ್ಪಸಂಖ್ಯಾತರು. ಆಂಗ್ಲಿಕನ್ ಪಾದ್ರಿ ನಯೀಮ್ ಅತೀಕ್ ಬಾಲಕನಾಗಿದ್ದಾಗ, 1948ರಲ್ಲಿ, ಅವರ ಕುಟುಂಬವನ್ನು ಬೈಸಾನ್ ಊರಿನಿಂದ ಹೊರಹಾಕಲಾಯಿತು. ತಮ್ಮ ಮನೆ ಕಳೆದುಕೊಂಡದ್ದನ್ನೇ ಪ್ರವಾದನೆಯ ನೆರವೇರಿಕೆ ಎಂದು ಸಹವಿಶ್ವಾಸಿಗಳು ಕೊಂಡಾಡುವಾಗ, ಅಂಥವರು ಬೈಬಲನ್ನು ಹೇಗೆ ಓದಬೇಕು? 1989ರ ತಮ್ಮ ಪುಸ್ತಕದಲ್ಲಿ ಅತೀಕ್ ಈ ನೋವಿನಿಂದಲೇ ನ್ಯಾಯದ ದೈವಶಾಸ್ತ್ರ ಕಟ್ಟಿದರು. 2009ರಲ್ಲಿ ಆ ನಾಡಿನ ಕ್ರೈಸ್ತರು ಹೊರತಂದ 'ಕೈರೋಸ್ ಪ್ಯಾಲೆಸ್ತೀನ್' ಹೇಳಿಕೆಯೂ ಜಗತ್ತಿನ ಸಭೆಗಳ ಮುಂದೆ ಇದೇ ಅಳಲನ್ನಿಟ್ಟಿತು. ಅವರ ಬರಹಗಳಲ್ಲಿ ಹಳೆಯ ತಿರಸ್ಕಾರದ ನೆರಳು ಇಣುಕುತ್ತದೆಂದು ಯೆಹೂದಿ ವಿಮರ್ಶಕರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪವನ್ನೂ ಕಿವಿಗೊಟ್ಟು ಕೇಳಬೇಕು. ಪೌಲನ ಎಚ್ಚರಿಕೆ ನೊಂದವರಿಗೂ ಅನ್ವಯಿಸುತ್ತದೆ. ಆದರೆ ಅವರ ಕೂಗಿಗೆ ಕಿವಿ ಮುಚ್ಚಿಕೊಳ್ಳಲು ಅದು ನೆಪವಾಗಬಾರದು.

2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು. ಅದಾಗಿ 12 ದಿನಕ್ಕೆ ಗಾಜಾ ನಗರದ ಪುರಾತನ ಸಂತ ಪೊರ್ಫೀರಿಯಸ್ ಚರ್ಚಿನ ಆವರಣದ ಮೇಲೆ ಇಸ್ರೇಲಿನ ಬಾಂಬ್ ಬಿದ್ದು, ಅಲ್ಲಿ ಆಶ್ರಯ ಪಡೆದಿದ್ದವರು ಸತ್ತರು. ಅಲ್ಲಿಂದೀಚೆಗೆ ಗಾಜಾದಲ್ಲಿ ಸತ್ತವರ ಲೆಕ್ಕ ಹತ್ತಾರು ಸಾವಿರ. ಈ ಸಾವುಗಳಲ್ಲಿ ಯಾವುದನ್ನಾದರೂ 'ಹೀಗಾಗಬೇಕೆಂದು ಬರೆದಿತ್ತು' ಎಂದು ತೃಪ್ತಿಯಿಂದ ವಿವರಿಸುವ ಬೋಧಕನಿಗೆ ಪೌಲನ ಪರಿಚಯವಿಲ್ಲ. ಇದೇ ವಿಷಯ ಎತ್ತಿಕೊಳ್ಳುವ ಮೊದಲು, 9ನೆಯ ಅಧ್ಯಾಯದಲ್ಲಿ, ತನ್ನ ಜನರಿಗಾಗಿ ತಾನೇ ಶಾಪಗ್ರಸ್ತನಾದರೂ ಸರಿ ಎನ್ನುವಷ್ಟು ಅವನು ದುಃಖಪಡುತ್ತಾನೆ. ಪ್ರವಾದನೆಯನ್ನು ವಿವರಿಸುವವನಿಗೆ ಬೇಕಾದ ಮೊದಲ ಅರ್ಹತೆ ಆ ದುಃಖ.

ಮಂಗಳೂರಿನಿಂದ, ಬೆಂಗಳೂರಿನಿಂದ ಪವಿತ್ರ ನಾಡಿನ ಯಾತ್ರೆಗೆ ಹೋಗುವ ಕನ್ನಡ ಕ್ರೈಸ್ತರು ಕಲ್ಲುಗಳ ಜೊತೆ ಅಲ್ಲಿನ ಜೀವಂತ ಸಭೆಯನ್ನೂ ಕಂಡುಬರಲಿ. ಯೆರೂಸಲೇಮಿನ ಸಮಾಧಾನಕ್ಕೆ ಪ್ರಾರ್ಥಿಸಿರೆಂದು 122ನೆಯ ಕೀರ್ತನೆ ಹೇಳುವುದನ್ನು ಪಾಲಿಸುವಾಗ, ಆ ಊರಿನಲ್ಲಿ ವಾಸಿಸುವ ಯೆಹೂದಿ, ಮುಸ್ಲಿಮ, ಕ್ರೈಸ್ತ ಎಲ್ಲರ ಸಮಾಧಾನವನ್ನೂ ಬೇಡಲಿ.

ಮೂರು ಅಧ್ಯಾಯಗಳ ಈ ವಾದವನ್ನು ಪೌಲ ಮುಗಿಸುವುದು ತೀರ್ಪಿನಿಂದಲ್ಲ. ದೇವರ ವಿವೇಕದ ಆಳ ಅಳೆಯಲಾಗದ್ದು ಎಂಬ ಸ್ತುತಿಯಿಂದ ಮುಗಿಸುತ್ತಾನೆ. ಮರುಕ್ಷಣ, 12ನೆಯ ಅಧ್ಯಾಯದಲ್ಲಿ, ಆದ್ದರಿಂದ ಹೀಗೆ ಬಾಳಿರಿ ಎಂದು ಶುರುಮಾಡುತ್ತಾನೆ: ಅತಿಥಿಸತ್ಕಾರ ಮಾಡಿ, ಅಳುವವರ ಸಂಗಡ ಅಳಿ, ಸೇಡು ತೀರಿಸಬೇಡಿ, ಹಸಿದ ವೈರಿಗೆ ಊಟ ಕೊಡಿ. ನಮ್ಮ ಪ್ರವಾದನೆಯ ಪ್ರಸಂಗಗಳು 11ನೆಯ ಅಧ್ಯಾಯದಲ್ಲೇ ನಿಂತುಬಿಡುತ್ತವೆ. ಪೌಲ ನಿಲ್ಲಲಿಲ್ಲ. ಇಸ್ರಾಯೇಲಿನ ಕುರಿತು ಏನೇ ಬೋಧಿಸಲಿ, ಕೇಳಿದವರು ಆ ಬೋಧನೆಯಿಂದ 12ನೆಯ ಅಧ್ಯಾಯಕ್ಕೆ ನಡೆದರೆ ವ್ಯಾಖ್ಯಾನ ಸರಿಯಾಗಿದೆ. ನಡೆಯದಿದ್ದರೆ ಗ್ರೀಕ್, ಹೀಬ್ರೂ, ನಕ್ಷೆ, ಇಸವಿಗಳೆಲ್ಲ ಎಷ್ಟೇ ಕರಾರುವಾಕ್ಕಾಗಿದ್ದರೂ ಅದು ತಪ್ಪು ವ್ಯಾಖ್ಯಾನ.